ಪದಕದ ಅಂಚಿನಿಂದ ಶುರು: ಕೋಲಾರ ಸೀಮೆಯ ಸಿಪಾಯಿಗಳ ಜಾಡು ಹಿಡಿಯುವ ಬಗೆ

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹಳೆಯ ಮನೆಗಳಲ್ಲಿ "ನಮ್ಮ ಮುತ್ತಾತ ಬಸ್ರಾಕ್ಕೆ ಹೋಗಿದ್ದರು", "ತಾತ ಬರ್ಮಾದಲ್ಲಿ ಮಿಲ್ಟ್ರಿಯಲ್ಲಿದ್ದರು" ಅನ್ನುವ ಮಾತು ಈಗಲೂ ಕೇಳಿಸುತ್ತದೆ. ಆ ಮಾತಿನಿಂದಾಚೆಗೆ ಹೆಚ್ಚಿನ ಮನೆಗಳಲ್ಲಿ ಏನೂ ಉಳಿದಿಲ್ಲ. ಯಾವ ಪಲ್ಟನ್ (ರೆಜಿಮೆಂಟ್), ಯಾವ ವರ್ಷ, ಯಾವ ಹುದ್ದೆ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮೊಮ್ಮಕ್ಕಳು ಮೊಬೈಲ್‌ನಲ್ಲಿ ತಾತನ ಹೆಸರು ಹೊಡೆದು ನೋಡಿ, ಏನೂ ಬರದಿದ್ದಾಗ ಅಲ್ಲಿಗೇ ಕೈಬಿಡುತ್ತಾರೆ. ಹೆಸರು ಹಿಡಿದು ಹೊರಟರೆ ಸಿಗದಿರುವುದೇ ಹೆಚ್ಚು. ಸೈನ್ಯದ ಕಡತಕ್ಕೆ ಗೊತ್ತಿದ್ದುದು ನಂಬರು ಮತ್ತು ಪಲ್ಟನ್. ಇವೆರಡು ಕೈಗೆ ಬಂದರೆ ನೂರು ವರ್ಷ ಹಿಂದಿನ ಮನುಷ್ಯನನ್ನೂ ಹುಡುಕಬಹುದು. ಇವಿಲ್ಲದೆ ಬರೀ "ಮುನಿಸ್ವಾಮಿ" ಎಂದು ಹುಡುಕಿದರೆ ಸಾವಿರ ಮುನಿಸ್ವಾಮಿಗಳ ನಡುವೆ ನಿಂತಿರುತ್ತೇವೆ.

ಅದಕ್ಕೂ ಮೊದಲು ಯಾವ ಯುದ್ಧ ಎಂಬುದು ಇತ್ಯರ್ಥವಾಗಬೇಕು. ಮನೆಯವರ ನೆನಪಿನಲ್ಲಿ ಎರಡು ಮಹಾಯುದ್ಧಗಳೂ ಕಲೆತುಹೋಗಿರುತ್ತವೆ. 1962, 1965, 1971 ಕೂಡ ಅದರೊಳಗೆ ಸೇರಿಕೊಂಡಿರುವುದುಂಟು. 1880ರಿಂದ 1900ರ ಆಸುಪಾಸಿನಲ್ಲಿ ಹುಟ್ಟಿದವರಾದರೆ ಮೊದಲನೆಯದು, 1905ರಿಂದ 1927ರೊಳಗೆ ಹುಟ್ಟಿದವರಾದರೆ ಎರಡನೆಯದು ಎಂದಿಟ್ಟುಕೊಳ್ಳಬಹುದು. ಹುಟ್ಟಿದ ವರ್ಷವೇ ಗೊತ್ತಿಲ್ಲದ ಕಡೆ ಊರಿನ ಘಟನೆಗಳನ್ನು ಹಿಡಿದು ಕೇಳಬೇಕು. ಅವರು ದಂಡಿನಿಂದ ಬಂದದ್ದು 1918ರ ಇನ್‌ಫ್ಲುಯೆಂಜಾ ಜ್ವರದ ಹೊತ್ತಿಗೋ? ಗಾಂಧೀಜಿ ನಂದಿಬೆಟ್ಟದಲ್ಲಿ ವಿಶ್ರಾಂತಿಗೆ ಇದ್ದಾಗ, ಅಂದರೆ 1927ರಲ್ಲಿ, ಊರಲ್ಲೇ ಇದ್ದರೋ? ಸೈನ್ಯಕ್ಕೆ ಸೇರಿದ್ದು 1938ರ ವಿದುರಾಶ್ವತ್ಥದ ಗೋಲಿಬಾರಿಗೆ ಮೊದಲೋ ಆಮೇಲೋ? ಗೌರಿಬಿದನೂರು ಕಡೆಯ ಹಿರಿಯರಿಗೆ ಈ ಕೊನೆಯ ಪ್ರಶ್ನೆ ಕೇಳಿದ ಕೂಡಲೇ ಉತ್ತರ ಬರುತ್ತದೆ. ಊರ ಹೆಸರುಗಳೂ ಸುಳಿವು ಕೊಡುತ್ತವೆ. ಬಸ್ರಾ, ಬಾಗ್ದಾದ್, ಪೂರ್ವ ಆಫ್ರಿಕಾ ಅಂದರೆ ಸಾಮಾನ್ಯವಾಗಿ ಮೊದಲನೆಯ ಯುದ್ಧ. ಬರ್ಮಾ, ಇಂಫಾಲ, ಸಿಂಗಾಪುರ, ಇಟಲಿ ಅಂದರೆ ಎರಡನೆಯದು. ಈಜಿಪ್ಟ್ ಮಾತ್ರ ಎರಡಕ್ಕೂ ಸೇರುತ್ತದೆ. ಇರಾಕಿನಲ್ಲಿ ಎರಡನೆಯ ಯುದ್ಧದಲ್ಲೂ ಭಾರತೀಯ ಪಡೆಗಳಿದ್ದವು, ಹಾಗಾಗಿ ಬಸ್ರಾ ಒಂದನ್ನೇ ನಂಬಿ ತೀರ್ಮಾನಿಸಬಾರದು.

ಇನ್ನು ಮನೆಯ ಟ್ರಂಕು. ಅದರಲ್ಲಿ ಪದಕವಿದ್ದರೆ ಅರ್ಧ ಕೆಲಸ ಮುಗಿದಂತೆ. ಪದಕ ಕಂಡ ಕೂಡಲೇ ಹುಣಸೆಹಣ್ಣು, ಬೂದಿ, ಪಾತ್ರೆ ಪುಡಿ ಹಾಕಿ ಉಜ್ಜುವವರೇ ಹೆಚ್ಚು. ದಯವಿಟ್ಟು ಬೇಡ. ಹುಡುಕಾಟಕ್ಕೆ ಬೇಕಾದ ನಂಬರು, ಹುದ್ದೆ, ಹೆಸರು, ಪಲ್ಟನ್ ನಾಲ್ಕೂ ಇರುವುದು ಪದಕದ ಅಂಚಿನ ಮೇಲೆ, ನಾಣ್ಯದ ಗಿರುಕು ಇರುತ್ತದಲ್ಲ, ಆ ದಪ್ಪದ ಮೇಲೆ. ಅಲ್ಲಿ ಒತ್ತಿರುವ ಅಕ್ಷರಗಳು ಬಹಳ ಸಣ್ಣವು, ಆಳವೂ ಇಲ್ಲ. ನಾಲ್ಕು ಸಲ ಹುಳಿ ಹಾಕಿ ತಿಕ್ಕಿದರೆ ಅಳಿಸಿಹೋಗುತ್ತವೆ. ಒಣ ಬಟ್ಟೆಯಲ್ಲಿ ಮೆತ್ತಗೆ ಒರೆಸಿ, ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಒಂದು ಮಗ್ಗುಲಿನಿಂದ ಅಡ್ಡಕ್ಕೆ ಬಿಡಬೇಕು. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಅಡ್ಡ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಪದಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಸುತ್ತಲೂ ಫೋಟೊ ತೆಗೆದುಕೊಳ್ಳಿ. ಆಗಲೂ ಓದಲಾಗದಿದ್ದರೆ ತೆಳುವಾದ ಕಾಗದದ ಪಟ್ಟಿಯನ್ನು ಅಂಚಿಗೆ ಸುತ್ತಿ ಮೆತ್ತನೆಯ ಪೆನ್ಸಿಲ್ ಆಡಿಸಿದರೆ ಅಚ್ಚು ಬರುತ್ತದೆ. ಕೆಲವು ಮನೆಗಳಲ್ಲಿ ಮಕ್ಕಳ ಕೊರಳಿಗೆ ಹಾಕಲೆಂದು ಅಂಚಿಗೆ ಕೊಂಡಿ ಬೆಸೆಸಿರುತ್ತಾರೆ. ಆ ಬೆಸುಗೆಯ ಕೆಳಗೆ ಎರಡು ಮೂರು ಅಕ್ಷರ ಮುಚ್ಚಿಹೋಗಿದ್ದರೂ ಉಳಿದದ್ದರಿಂದ ಕೆಲಸ ನಡೆಯುತ್ತದೆ.

ಪದಕದ ರೂಪವೂ ಮಾತಾಡುತ್ತದೆ. ಐದನೇ ಜಾರ್ಜ್ ದೊರೆಯ ತಲೆ, ಹಿಂದೆ ಕುದುರೆಯ ಮೇಲೆ ಕೂತ ಆಳು, 1914 ಮತ್ತು 1918 ಎಂಬ ಇಸವಿ: ಇದು ಬ್ರಿಟಿಷ್ ವಾರ್ ಮೆಡಲ್. ಸಿಪಾಯಿಗಳಿಗೆ ಇದನ್ನು ಬೆಳ್ಳಿಯಲ್ಲಿ ಕೊಟ್ಟರು. ಕಂಚಿನದು ಸಿಕ್ಕಿದರೆ ಆ ವ್ಯಕ್ತಿ ಲೇಬರ್ ಕೋರ್‌ನಲ್ಲೋ, ಸೈನ್ಯದ ಹಿಂದೆ ಹೋದ ಕೆಲಸಗಾರರ ಸಾಲಿನಲ್ಲೋ ಇದ್ದರೆಂದು ಅರ್ಥ. ರೆಕ್ಕೆಯ ದೇವತೆ ಇರುವ ಕಂಚಿನ ಪದಕ ವಿಕ್ಟರಿ ಮೆಡಲ್. ಬೆಳ್ಳಿಯದನ್ನು ಕಷ್ಟಕಾಲದಲ್ಲಿ ಅಕ್ಕಸಾಲಿಗನಿಗೆ ಕೊಟ್ಟು ಕರಗಿಸಿದ ಮನೆಗಳಲ್ಲೂ ಇದು ಉಳಿದಿರುವುದುಂಟು, ಇದರ ಅಂಚಿನಲ್ಲೂ ಅದೇ ವಿವರ ಇರುತ್ತದೆ. 1914-15 ಎಂದು ಬರೆದ ಕಂಚಿನ ನಕ್ಷತ್ರವಾದರೆ ಹೆಸರು ಹಿಂಬದಿಯಲ್ಲಿ. ಎರಡನೆಯ ಯುದ್ಧದ ಆರು ಮೂಲೆಯ ನಕ್ಷತ್ರಗಳ ಮೇಲೆ ರಣರಂಗದ ಹೆಸರೇ ಇರುತ್ತದೆ: ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್. ಪೆಸಿಫಿಕ್ ಸ್ಟಾರ್ ಅಂದರೆ ನಮ್ಮವರ ಮಟ್ಟಿಗೆ ಬಹುತೇಕ ಮಲಯಾ, ಸಿಂಗಾಪುರ. ಬ್ರಿಟಿಷ್ ಸೈನಿಕರ ನಕ್ಷತ್ರಗಳಲ್ಲಿ ಹೆಸರು ಇರಲಿಲ್ಲ. ಭಾರತೀಯರಿಗೆ ಕೊಟ್ಟವುಗಳ ಹಿಂಬದಿಯಲ್ಲಿ ಹೆಸರು, ನಂಬರು ಒತ್ತಿಸಿದ್ದರು. ಹಾಗಾಗಿ ತಿರುಗಿಸಿ ನೋಡದೆ ಬಿಡಬೇಡಿ. ಭಾರತದ ನಕ್ಷೆಯಿರುವ ಇಂಡಿಯಾ ಸರ್ವಿಸ್ ಮೆಡಲ್ ಒಂದೇ ಇದ್ದು ನಕ್ಷತ್ರ ಯಾವುದೂ ಇಲ್ಲದಿದ್ದರೆ, ಆ ವ್ಯಕ್ತಿ ಯುದ್ಧಕಾಲದಲ್ಲಿ ದೇಶದೊಳಗೇ ಇದ್ದಿರಬಹುದು.

ಊಟದ ತಟ್ಟೆಗಿಂತ ಚಿಕ್ಕದಾದ, 120 ಮಿಲಿಮೀಟರ್ ಅಗಲದ ದುಂಡನೆಯ ಕಂಚಿನ ಫಲಕವೊಂದು ಸಿಕ್ಕಿದರೆ ಅದು ಪದಕವಲ್ಲ. ಮೊದಲ ಯುದ್ಧದಲ್ಲಿ ತೀರಿಕೊಂಡವರ ಮನೆಗೆ ಸರ್ಕಾರ ಕಳಿಸಿದ ಸ್ಮರಣ ಫಲಕ. ಅದರಲ್ಲಿ ಹೆಸರು ಮಾತ್ರ ಇದೆ, ಹುದ್ದೆಯೂ ಪಲ್ಟನ್ನೂ ಇಲ್ಲ. ಆದರೆ ಅದು ಮನೆಯಲ್ಲಿದೆ ಅಂದರೆ ಆ ವ್ಯಕ್ತಿಯ ಹೆಸರು ಯುದ್ಧಮೃತರ ಪಟ್ಟಿಯಲ್ಲಿ ಇರಲೇಬೇಕು ಎಂದು ಪಟ್ಟು ಹಿಡಿದು ಹುಡುಕಬಹುದು.

ಅಂಚಿನ ಮೇಲಿನ ಸಂಕ್ಷಿಪ್ತ ಅಕ್ಷರಗಳನ್ನು ಬಿಡಿಸಿಕೊಳ್ಳುವುದು ಮುಂದಿನ ಹೆಜ್ಜೆ. ಎಸ್‌ಪಿಆರ್ ಅಂದರೆ ಸ್ಯಾಪರ್ (ಎಂಜಿನಿಯರ್ ದಳದ ಸಿಪಾಯಿ), ಎನ್‌ಕೆ ಅಂದರೆ ನಾಯಕ್, ಎಚ್‌ಎವಿ ಅಂದರೆ ಹವಾಲ್ದಾರ್, ಜೆಇಎಂ ಅಂದರೆ ಜಮಾದಾರ್, ಡಿವಿಆರ್ ಅಂದರೆ ಡ್ರೈವರ್. ಈ ಡ್ರೈವರ್ ಅಂದರೆ ಮೊದಲ ಯುದ್ಧದಲ್ಲಿ ಹೇಸರಗತ್ತೆ, ಕುದುರೆ ಹೊಡೆಯುತ್ತಿದ್ದವರು, ಲಾರಿಯವರಲ್ಲ. ಕುದುರೆ ದಳದಲ್ಲಾದರೆ ಸವಾರ್, ದಫೇದಾರ್, ರಿಸಾಲ್ದಾರ್. ಪಲ್ಟನ್ನಿನ ಕಡೆ "2 ಕ್ಯೂವಿಓ ಎಸ್ ಆ್ಯಂಡ್ ಎಂ" ಎಂದಿದ್ದರೆ ಬೆಂಗಳೂರು ಹಲಸೂರಿನ ಮದರಾಸ್ ಸ್ಯಾಪರ್ಸ್ ಮತ್ತು ಮೈನರ್ಸ್. 61, 64, 81 ಎಂಬ ಅಂಕಿಯ ಮುಂದೆ ಪಯೋನಿಯರ್ಸ್ (ರಸ್ತೆ, ಕಂದಕದ ಕೆಲಸವನ್ನೂ ಮಾಡುವ ಕಾಲ್ದಳ) ಎಂದಿದ್ದರೆ ಮದರಾಸ್ ಪಯೋನಿಯರ್‌ಗಳು. 73, 75, 79, 80, 86, 88 ಇವು ಕರ್ನಾಟಿಕ್ ಇನ್‌ಫೆಂಟ್ರಿ. ಹೆಸರು ನೋಡಿ ಇದು ಕನ್ನಡಿಗರ ಪಲ್ಟನ್ ಎಂದುಕೊಳ್ಳಬಾರದು, ಇವು ಮದರಾಸ್ ಸೈನ್ಯದ ಪಲ್ಟನ್‌ಗಳು. ಮೊದಲ ಯುದ್ಧದ ನಂಬರುಗಳು ಚಿಕ್ಕವು, ಬಹುಪಾಲು ನಾಲ್ಕು ಅಂಕಿಯೊಳಗೆ. ಒಂದೇ ನಂಬರು ಬೇರೆ ಬೇರೆ ಪಲ್ಟನ್‌ಗಳಲ್ಲಿ ಬೇರೆ ಬೇರೆ ಆಳುಗಳಿಗೆ ಇರುತ್ತಿತ್ತು. ಪಲ್ಟನ್ನಿಲ್ಲದ ನಂಬರು ಆದ್ದರಿಂದಲೇ ಕೆಲಸಕ್ಕೆ ಬಾರದು.

ಪಲ್ಟನ್ ತಿಳಿದ ಮೇಲೆ ಹಾದಿ ಎರಡಾಗಿ ಒಡೆಯುತ್ತದೆ. ಹಳೆಯ ಮೈಸೂರು ಸಂಸ್ಥಾನದ ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಹುಡುಕುವವರು ಹೆಚ್ಚು ಎಡವುವುದು ಇಲ್ಲೇ. ಕೋಲಾರದ ಹುಡುಗನೊಬ್ಬ ಬೆಂಗಳೂರು ದಂಡಿಗೆ ಹೋಗಿ ಸ್ಯಾಪರ್ಸ್ ಸೇರಿದರೆ ಅವನು ಬ್ರಿಟಿಷ್ ಭಾರತದ ಸೈನಿಕ. ಅದೇ ಹುಡುಗ ಮಹಾರಾಜರ ಲ್ಯಾನ್ಸರ್ಸ್ ಕುದುರೆ ದಳಕ್ಕೋ ಮೈಸೂರು ಇನ್‌ಫೆಂಟ್ರಿಗೋ ಸೇರಿದ್ದರೆ ಸಂಸ್ಥಾನದ ಸೈನಿಕ. ಮೊದಲನೆಯವನ ಕಾಗದಪತ್ರ ಸೈನ್ಯದ ರೆಕಾರ್ಡ್ ಆಫೀಸು, ದೆಹಲಿ, ಲಂಡನ್ ಕಡೆ ಹೋಯಿತು. ಎರಡನೆಯವನದು ಮೈಸೂರು ಸರ್ಕಾರದ ಮಿಲಿಟರಿ ಇಲಾಖೆಯ ಕಡತಗಳಲ್ಲಿ ಸೇರಿತು, ಅವನ್ನು ಕೇಳಬೇಕಾದ್ದು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ. ಮೈಸೂರು ಲ್ಯಾನ್ಸರ್ಸ್ ಈಜಿಪ್ಟಿಗೆ ಹೋಗಿ, ಸಂಸ್ಥಾನಗಳ ಕುದುರೆ ದಳಗಳಿದ್ದ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿನಲ್ಲಿ ಜೋಧಪುರ, ಹೈದರಾಬಾದ್ ಲ್ಯಾನ್ಸರ್‌ಗಳ ಜೊತೆಗಿದ್ದು, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಹಿಡಿಯುವುದರಲ್ಲಿ ಪಾಲುಗೊಂಡಿತು. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಕುದುರೆ ದಳಗಳನ್ನು ಸೇರಿಸಿ 1953ರಲ್ಲಿ 61ನೇ ಕ್ಯಾವಲ್ರಿ ಕಟ್ಟಿದಾಗ ಮೈಸೂರಿನದೂ ಅದರಲ್ಲಿ ಸೇರಿತು. ಕಾಲ್ದಳ ಮದರಾಸ್ ರೆಜಿಮೆಂಟಿಗೆ ಸೇರಿತು. ಈ ವಂಶಾವಳಿ ಗೊತ್ತಿಲ್ಲದೆ ಅರ್ಜಿ ಹಾಕಿದರೆ "ನಮ್ಮಲ್ಲಿಲ್ಲ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ.

ಕೆಜಿಎಫ್‌ನವರಿಗೆ ಇನ್ನೆರಡು ಮಾತು ಹೇಳಲೇಬೇಕು. ಕೋಲಾರ್ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಎಂಬ ಹೆಸರು ಕಂಡ ಕೂಡಲೇ ತಾತ ಅದರಲ್ಲೇ ಇದ್ದರು ಎಂದುಕೊಳ್ಳುವವರಿದ್ದಾರೆ. ಅದು ಗಣಿಯ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು ಇದ್ದ ಆಕ್ಸಿಲಿಯರಿ, ಅಂದರೆ ಅರೆಕಾಲಿಕ ಸಹಾಯಕ, ಪಡೆ. ಗಣಿ ಕಾರ್ಮಿಕರ ಮಕ್ಕಳನ್ನು ಸ್ಯಾಪರ್ಸ್, ಪಯೋನಿಯರ್ಸ್, ಲೇಬರ್ ಕೋರ್‌ಗಳಲ್ಲಿ ಹುಡುಕಬೇಕು. ಎರಡನೆಯದು, ಗಣಿಗೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ಕುಟುಂಬಗಳು ಬಹಳ. ಸೈನ್ಯಕ್ಕೆ ಸೇರುವಾಗ ಅವರು ಸ್ವಂತ ಊರು ಎಂದು ಅಲ್ಲಿನ ಹಳ್ಳಿಯನ್ನೇ ಬರೆಸಿದ್ದಿರಬಹುದು. ಕೋಲಾರ ಎಂದು ಹುಡುಕಿ ಸಿಗದಿದ್ದರೆ ಮನೆದೇವರ ಊರು ಯಾವುದು ಎಂದು ಕೇಳಿ, ಆ ಜಿಲ್ಲೆಯಲ್ಲಿ ಹುಡುಕಿ.

ಈಗ ಆನ್‌ಲೈನ್ ಕೆಲಸ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ತಾಣ ಉಚಿತ, ಹೆಸರು ನೋಂದಾಯಿಸುವ ಅಗತ್ಯವೂ ಇಲ್ಲ. ಸುಮಾರು 17 ಲಕ್ಷ ಮೃತರ ಹೆಸರು ಅದರಲ್ಲಿದೆ. ಆದರೆ ಅದು ಸತ್ತವರ ಪಟ್ಟಿ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಮತ್ತೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ತೀರಿಕೊಂಡವರು ಮಾತ್ರ ಅಲ್ಲಿದ್ದಾರೆ. ಯುದ್ಧ ಮುಗಿಸಿ ಊರಿಗೆ ಬಂದು, ಹೊಲ ಉತ್ತು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ತಾತ ಅಲ್ಲಿ ಸಿಗುವುದಿಲ್ಲ. ಸಿಗಲಿಲ್ಲವೆಂದು ಮನೆಯವರ ಮಾತೇ ಸುಳ್ಳು ಎನ್ನುವ ತೀರ್ಮಾನಕ್ಕೆ ಬರುವುದು ಅವರಿಗೆ ಮಾಡುವ ಅನ್ಯಾಯ.

ತೀರಿಕೊಂಡವರಾದರೆ ಹೀಗೆ ಹುಡುಕಿ. ಹೆಸರಿನ ಜಾಗ ಖಾಲಿ ಬಿಡಿ. ಯಾವ ಸೈನ್ಯ ಎಂಬಲ್ಲಿ ಭಾರತ ಎಂದೂ ಯಾವ ಯುದ್ಧ ಎಂದೂ ಆರಿಸಿ, ಹೆಚ್ಚುವರಿ ಮಾಹಿತಿ ಎಂಬ ಕಡೆ ಇಂಗ್ಲಿಷಿನಲ್ಲಿ ಕೋಲಾರ ಎಂದಷ್ಟೇ ಹೊಡೆಯಿರಿ. "ಇಂಥವರ ಮಗ, ಇಂಥ ಊರು, ಕೋಲಾರ, ಮೈಸೂರು" ಎಂಬ ಸಾಲಿರುವ ನಮೂದುಗಳು ಬರುತ್ತವೆ. ಜೊತೆಗೆ ಕೆಜಿಎಫ್‌ನ ಆಂಗ್ಲ ಕುಟುಂಬಗಳ ಹೆಸರುಗಳೂ ಬರಬಹುದು, ಅವನ್ನು ಬದಿಗಿಡಿ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಆದ್ದರಿಂದ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರಿನವರೆಲ್ಲ ಹಳೆಯ ದಾಖಲೆಯಲ್ಲಿ ಕೋಲಾರ ಜಿಲ್ಲೆಯವರೇ. ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎಂದು ಹುಡುಕಬೇಕು. ಮಧುಗಿರಿಯನ್ನು ಮದ್ದಗಿರಿ ಎಂದು ಬರೆದಿರುತ್ತಾರೆ. ತುಮಕೂರನ್ನು ಹಳೆಯ ಇಂಗ್ಲಿಷ್ ರೂಪದ ತುಮ್ಕೂರ್ ಎಂದೇ ಹೊಡೆಯಬೇಕು. ಚಿಕ್ಕ ಎಂಬುದನ್ನು ಒಂದು ಸಿ ಹಾಕಿ, ಸಿ ಮತ್ತು ಕೆ ಹಾಕಿ, ಬರೀ ಒಂದು ಕೆ ಹಾಕಿ, ಮೂರೂ ಬಗೆಯಲ್ಲಿ ನೋಡಿ. ಜಿಲ್ಲೆಯ ಹೆಸರೇ ಇಲ್ಲದೆ ಮೈಸೂರು ಎಂದಷ್ಟೇ ಬರೆದವೂ ಉಂಟು. ಆಗ ಫಲಿತಾಂಶ ದೊಡ್ಡದಾಗುತ್ತದೆ, ಪಲ್ಟನ್ ಹಾಕಿ ಸೋಸಿಕೊಳ್ಳಬೇಕು.

ಹೆಸರಿನಿಂದಲೇ ಹುಡುಕಬೇಕಾದ ಸಂದರ್ಭದಲ್ಲಿ ಬರೆದವನು ಇಂಗ್ಲಿಷ್ ಗುಮಾಸ್ತೆ, ಹೇಳಿದವನು ಕನ್ನಡವೋ ತೆಲುಗೋ ತಮಿಳೋ ಆಡುವ ಹುಡುಗ ಎಂಬುದನ್ನು ಮರೆಯಬೇಡಿ. ಮುನಿಸ್ವಾಮಿ ಎಂಬವನು ಮುನಿಸಾಮಿ, ಮುನುಸಾಮಿ, ಮೂನಿಸಾಮಿ ಆಗಿರುತ್ತಾನೆ. ಮುನಿಯಪ್ಪ ಮುನ್ಯಪ್ಪ ಆಗುತ್ತಾನೆ. ಕೃಷ್ಣಪ್ಪನನ್ನು ಕಿಸ್ಟ್ನಪ್ಪ ಎಂದೂ, ವೆಂಕಟಸ್ವಾಮಿಯನ್ನು ಕೆ ಅಕ್ಷರದ ಬದಲು ಸಿ ಹಾಕಿ ವೆಂಕಟಸಾಮಿ ಎಂದೂ ಬರೆದಿರುತ್ತಾರೆ. ಸಿಪಾಯಿಗಳಿಗೆ ಇನಿಷಿಯಲ್ ಇರಲಿಲ್ಲ. ಒಂದೇ ಹೆಸರು ಇರುತ್ತಿತ್ತು, ಅದನ್ನು ಮನೆತನದ ಹೆಸರಿನ ಜಾಗದಲ್ಲಿ ತುಂಬಿದ್ದಾರೆ. ಆದ್ದರಿಂದ ತಾತನ ಪೂರ್ತಿ ಹೆಸರನ್ನು ಎರಡು ಭಾಗ ಮಾಡಿ ಎರಡು ಕಡೆ ಹಾಕಿದರೆ ಸಿಗುವುದಿಲ್ಲ, ಒಂದೇ ಕಡೆ ಹಾಕಬೇಕು. ಗೌಡ, ರೆಡ್ಡಿ, ಅಪ್ಪ ಮುಂತಾದ ಕೊನೆಯನ್ನು ಬಿಟ್ಟು ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ, ಪಲ್ಟನ್ ಸೇರಿಸಿ ಹುಡುಕುವುದು ಹೆಚ್ಚು ಫಲ ಕೊಡುತ್ತದೆ. ಮನೆಯಲ್ಲಿ ಕರೆಯುವ ಹೆಸರು ಒಂದು, ಸೈನ್ಯದಲ್ಲಿ ಬರೆಸಿದ್ದು ಇನ್ನೊಂದು ಆಗಿರುವ ಸಾಧ್ಯತೆಯನ್ನೂ ಕೇಳಿ ತಿಳಿದುಕೊಳ್ಳಿ.

ಹೆಸರು ಸಿಕ್ಕಿದ ಪುಟದಲ್ಲಿ ಸ್ಮಾರಕದ ಹೆಸರು ನೋಡಿ, ಅದು ಎಲ್ಲಿ ಸತ್ತರು ಎಂಬುದನ್ನು ಹೇಳುತ್ತದೆ. ಬಸ್ರಾ ಸ್ಮಾರಕವಾದರೆ ಮೆಸಪೊಟೇಮಿಯಾ. ಅಲ್ಲಿ 40,500ಕ್ಕೂ ಹೆಚ್ಚು ಮಂದಿಯ ನೆನಪಿದೆ. ಹೀಲಿಯೊಪೊಲಿಸ್ ಆದರೆ ಈಜಿಪ್ಟ್, ಪ್ಯಾಲೆಸ್ಟೀನ್. ಟಾಂಗಾ, ನೈರೋಬಿ, ದಾರ್ ಎಸ್ ಸಲಾಮ್ ಆದರೆ ಪೂರ್ವ ಆಫ್ರಿಕಾ; 61ನೇ ಪಯೋನಿಯರ್ಸ್ 1914ರ ನವೆಂಬರ್‌ನಲ್ಲಿ ಟಾಂಗಾದಲ್ಲಿ ಇಳಿದಿತ್ತು. ರಂಗೂನ್ ಸ್ಮಾರಕವಾದರೆ ಬರ್ಮಾ. ಮದರಾಸ್ 1914-1918 ಸ್ಮಾರಕ, ಕಿರ್ಕಿ ಸ್ಮಾರಕ ಎಂದಿದ್ದರೆ ದೇಶದೊಳಗೇ, ಆಸ್ಪತ್ರೆಯಲ್ಲೋ ದಂಡಿನಲ್ಲೋ ತೀರಿಕೊಂಡವರು. ಬಸ್ರಾದ ಗೋಡೆಯ ಮೇಲೆ ನಮ್ಮ ಸಾಮಾನ್ಯ ಸಿಪಾಯಿಗಳ ಹೆಸರು ಕೆತ್ತಲೇ ಇಲ್ಲ. ಅಧಿಕಾರಿಗಳ ಹೆಸರು ಬರೆದು, ಇನ್ನುಳಿದ ಭಾರತೀಯರು ಇಷ್ಟು ಮಂದಿ ಎಂದು ಪಲ್ಟನ್‌ವಾರು ಅಂಕಿ ಕೆತ್ತಿ ಬಿಟ್ಟರು. ಆ ಹೆಸರುಗಳು ಈಗ ಕಮಿಷನ್ನಿನ ದಾಖಲೆಯಲ್ಲಿ ಸೇರಿವೆ, ಕಂಪ್ಯೂಟರಿನಲ್ಲಿ ಸಿಗುತ್ತವೆ. ಗೋಡೆಯ ಫೋಟೊ ನೋಡಿ ಹೆಸರಿಲ್ಲ ಎಂದು ನಿರಾಶರಾಗುವ ಕಾರಣವಿಲ್ಲ. ಕಮಿಷನ್ನೇ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕನಿಷ್ಠ 1,16,000 ಮಂದಿಯನ್ನು, ಅವರಲ್ಲಿ ಆಫ್ರಿಕಾದವರು, ಈಜಿಪ್ಟಿನವರು ಹೆಚ್ಚು, ಹೆಸರು ಹಿಡಿದು ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ ಎಂದು ಒಪ್ಪಿಕೊಂಡಿತು. ಬಿಟ್ಟುಹೋದ ಹೆಸರು ನಮ್ಮೂರಿನದೂ ಆಗಿರಬಹುದು.

ಬದುಕಿ ಬಂದವರ ಹುಡುಕಾಟ ಬೇರೆ ತರಹ. ಇಲ್ಲಿ ಮನುಷ್ಯನನ್ನು ಬಿಟ್ಟು ಅವನ ಕಂಪನಿಯನ್ನು (ಪಲ್ಟನ್ನಿನೊಳಗಿನ ಸಣ್ಣ ತುಕಡಿಯನ್ನು) ಹಿಂಬಾಲಿಸಬೇಕು. ಪ್ರತಿ ಪಲ್ಟನ್ನೂ ಯುದ್ಧಕಾಲದಲ್ಲಿ ದಿನಚರಿ ಬರೆದಿಡುತ್ತಿತ್ತು: ಇಂದು ಎಲ್ಲಿ ಬಿಡಾರ, ಎಷ್ಟು ಮೈಲಿ ನಡಿಗೆ, ಎಷ್ಟು ಜನರಿಗೆ ಗಾಯ. ಮೊದಲ ಯುದ್ಧದ್ದು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಡಬ್ಲ್ಯುಓ 95 ಎಂಬ ಸರಣಿಯಲ್ಲಿದೆ, ಸ್ಕ್ಯಾನ್ ಆಗಿರುವ ಭಾಗವನ್ನು ಇಳಿಸಿಕೊಳ್ಳಬಹುದು. ಎರಡನೆಯದಕ್ಕೆ ಡಬ್ಲ್ಯುಓ 169 ಮಧ್ಯಪ್ರಾಚ್ಯ, 170 ಇಟಲಿ, 172 ಬರ್ಮಾ. ಇವುಗಳಲ್ಲಿ ಬಹುಪಾಲು ಸ್ಕ್ಯಾನ್ ಆಗಿಲ್ಲ, ಹಣ ಕೊಟ್ಟು ಪ್ರತಿ ತರಿಸಬೇಕು. ಹುಡುಕುವಾಗ ಕಂಪನಿಯ ಅಂಕಿಯೇ ಮುಖ್ಯ. ಮದರಾಸ್ ಸ್ಯಾಪರ್ಸ್ ಎಂದಷ್ಟೇ ಹೊಡೆದರೆ ಸಾಲದು, ಯಾವ ಫೀಲ್ಡ್ ಕಂಪನಿ ಎಂದು ಬೇಕು, ಏಕೆಂದರೆ ಒಂದು ಕಂಪನಿ ಇಟಲಿಯಲ್ಲಿದ್ದಾಗ ಇನ್ನೊಂದು ಬರ್ಮಾದಲ್ಲಿರುತ್ತಿತ್ತು. ದಿನಚರಿಯಲ್ಲಿ ಸಿಪಾಯಿಗಳ ಹೆಸರು ಬರುವುದು ಅಪರೂಪ ಎಂಬುದನ್ನು ಮೊದಲೇ ತಿಳಿದು ಹಣ ಕಟ್ಟಿ. ಹೆಸರು ಬರುವುದು ಅಧಿಕಾರಿಗಳದು. ಆದರೂ ತಾತ ಯಾವ ತಿಂಗಳು ಯಾವ ನದಿಯ ದಡದಲ್ಲಿದ್ದರು ಎಂದು ಖಚಿತವಾಗಿ ಹೇಳುವ ಕಾಗದ ಅದೊಂದೇ.

ಶೌರ್ಯಪದಕ ಸಿಕ್ಕಿದವರಾದರೆ ಎರಡನೆಯ ಯುದ್ಧಕ್ಕೆ ಡಬ್ಲ್ಯುಓ 373 ನೋಡಿ. ಅದರ ಸೂಚಿಯಲ್ಲಿ ಹೆಸರು, ಹುದ್ದೆ, ಪಲ್ಟನ್ ಉಚಿತವಾಗಿಯೇ ಕಾಣುತ್ತವೆ. ಜಮಾದಾರ್, ಸುಬೇದಾರ್, ರಿಸಾಲ್ದಾರ್ ಆಗಿದ್ದವರ ಹೆಸರು ಇಂಡಿಯನ್ ಆರ್ಮಿ ಲಿಸ್ಟ್ ಎಂಬ ಅಚ್ಚಾದ ಪುಸ್ತಕಗಳಲ್ಲಿ ಬರುತ್ತದೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಮತ್ತು ಇಂಟರ್ನೆಟ್ ಆರ್ಕೈವ್ ಎರಡರಲ್ಲೂ ಇವು ಉಚಿತ. ಅಚ್ಚಿನ ಅಕ್ಷರ ಹುಡುಕುವ ಯಂತ್ರ ನಮ್ಮ ಹೆಸರುಗಳನ್ನು ತಪ್ಪಾಗಿ ಓದುತ್ತದೆ, ಪಲ್ಟನ್ನಿನ ಪುಟ ತೆರೆದು ಕಣ್ಣಿನಿಂದಲೇ ಓದುವುದು ಉತ್ತಮ.

ನಮ್ಮ ದೇಶದ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ತಾಣದಲ್ಲಿ ಇಮೇಲ್ ಕೊಟ್ಟು ಖಾತೆ ತೆರೆಯಬೇಕು. ಇಲ್ಲಿ ವ್ಯಕ್ತಿಯ ಹೆಸರು ಹಾಕುವುದು ವ್ಯರ್ಥ, ಸೂಚಿಯಲ್ಲಿರುವುದು ಕಡತದ ವಿಷಯ. ಮೈಸೂರು ಇಂಪೀರಿಯಲ್ ಸರ್ವಿಸ್ ಟ್ರೂಪ್ಸ್, ಮೈಸೂರು ಲ್ಯಾನ್ಸರ್ಸ್ ಎಂದು ಹೊಡೆದು, ಇಲಾಖೆಯ ಕಡೆ ಫಾರಿನ್ ಆ್ಯಂಡ್ ಪೊಲಿಟಿಕಲ್ ಎಂಬುದನ್ನು ಆರಿಸಿ. ಸಂಸ್ಥಾನಗಳ ವ್ಯವಹಾರ ಇದ್ದದ್ದು ಆ ಇಲಾಖೆಯಲ್ಲಿ. ಮಿಲಿಟರಿ ಎಂದು ಮಾತ್ರ ಆರಿಸಿದರೆ ಅರ್ಧ ಕಡತಗಳು ತಪ್ಪಿಹೋಗುತ್ತವೆ. 1942ರ ಫೆಬ್ರವರಿಯಲ್ಲಿ ಸಿಂಗಾಪುರ ಬಿದ್ದಾಗ 1ನೇ ಮೈಸೂರು ಇನ್‌ಫೆಂಟ್ರಿ ಅಲ್ಲಿತ್ತು. ಆಗ ಸೆರೆಸಿಕ್ಕಿದ ಭಾರತೀಯರಲ್ಲಿ ಬಹಳ ಮಂದಿ ನೇತಾಜಿಯವರ ಆಜಾದ್ ಹಿಂದ್ ಫೌಜ್ ಸೇರಿದರು, ಸೇರದೆ ಜಪಾನಿಯರ ಸೆರೆಯಲ್ಲೇ ನರಳಿದವರೂ ಬಹಳ. ತಾತ ಸಿಂಗಾಪುರದಲ್ಲಿದ್ದರು ಎಂಬ ಮನೆಗಳು ಇದೇ ತಾಣದ ಐಎನ್‌ಎ ಪೇಪರ್ಸ್ (ಆಜಾದ್ ಹಿಂದ್ ಫೌಜ್ ಕಾಗದಪತ್ರ) ವಿಭಾಗವನ್ನೂ ನೋಡಲೇಬೇಕು.

ಸಮಯ, ಹಣ ಎರಡನ್ನೂ ತಿನ್ನುವ ಜಾಗಗಳೂ ಇವೆ. ಲಾಹೋರ್ ಮ್ಯೂಸಿಯಮ್ಮಿನಲ್ಲಿ ಸಿಕ್ಕ 3,20,000 ಸೈನಿಕರ ರಿಜಿಸ್ಟರುಗಳು 2021ರಲ್ಲಿ ಆನ್‌ಲೈನ್‌ಗೆ ಬಂದವೆಂದು ಸುದ್ದಿಯಾಯಿತು. ಅದು ಪಂಜಾಬಿನವರದು ಮಾತ್ರ, ನಮ್ಮವರು ಅದರಲ್ಲಿಲ್ಲ. ದೆಹಲಿಯ ರಾಷ್ಟ್ರೀಯ ಸಮರ ಸ್ಮಾರಕದ ಪಟ್ಟಿ ಸ್ವಾತಂತ್ರ್ಯಾನಂತರದ ಹುತಾತ್ಮರದು. ತಿಂಗಳ ಚಂದಾ ಕೇಳುವ ವಿದೇಶಿ ವಂಶಾವಳಿ ತಾಣಗಳಲ್ಲಿ ಬ್ರಿಟಿಷ್ ಸೈನಿಕರ ಸೇವಾ ಕಾಗದ ತುಂಬಿದೆ, ಭಾರತೀಯ ಸಿಪಾಯಿಗಳದು ಬಹಳ ಕಡಿಮೆ.

ಆನ್‌ಲೈನ್ ಹುಡುಕಾಟ ನಿಂತ ಕಡೆ ಮಾಹಿತಿ ಹಕ್ಕಿನ ಅರ್ಜಿ ಶುರುವಾಗುತ್ತದೆ. ಕೇಂದ್ರ ಸರ್ಕಾರದ ಆರ್‌ಟಿಐ ತಾಣದಲ್ಲಿ ಭಾರತೀಯ ಸೇನೆಯನ್ನು ಆರಿಸಿ, 10 ರೂಪಾಯಿ ಕಟ್ಟಿ ಸಲ್ಲಿಸಬೇಕು. ಉತ್ತರಕ್ಕೆ 30 ದಿನ, ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಸ್ಯಾಪರ್ಸ್ ಆದರೆ ಎಂಇಜಿ (ಅವರ ಈಗಿನ ಹೆಸರು ಮದ್ರಾಸ್ ಎಂಜಿನಿಯರ್ ಗ್ರೂಪ್) ರೆಕಾರ್ಡ್ಸ್ ಬೆಂಗಳೂರು, ಮದರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲ್ಲಿಂಗ್ಟನ್, ಸರಬರಾಜು ಮತ್ತು ಲಾರಿ ದಳವಾದರೆ ಎಎಸ್‌ಸಿ ರೆಕಾರ್ಡ್ಸ್ ಬೆಂಗಳೂರು ಎಂದು ಅರ್ಜಿಯಲ್ಲೇ ಬರೆದರೆ ಸುತ್ತಾಟ ಕಡಿಮೆಯಾಗುತ್ತದೆ. ಕೇಳುವುದರಲ್ಲಿ ಎಚ್ಚರ ಬೇಕು. "ನಮ್ಮ ತಾತನ ಎಲ್ಲ ವಿವರ ಕೊಡಿ" ಎಂದರೆ ಸೇವಾ ದಾಖಲೆ ನಾಶವಾಗಿದೆ ಎಂಬ ಉತ್ತರ ಖಚಿತ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಸೇವಾ ಕಾಗದಗಳನ್ನು 25 ವರ್ಷದ ನಂತರ ನಾಶಮಾಡುವ ನಿಯಮವಿದೆ, ಯುದ್ಧಕಾಲಕ್ಕೆಂದು ಸೇರಿ ಯುದ್ಧ ಮುಗಿದ ಮೇಲೆ ಮನೆಗೆ ಬಂದವರೆಲ್ಲ ಈ ಸಾಲಿನವರೇ. ಆದರೆ ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರನ್ನು ಉಳಿಸಿಕೊಳ್ಳಬೇಕು. ಒಬ್ಬರಿಗೆ ಒಂದೇ ಸಾಲು, ಆದರೂ ನಂಬರು, ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕ ಅಲ್ಲಿರುತ್ತದೆ. "ಇಂಥ ನಂಬರಿನ, ಇಂಥ ಹೆಸರಿನ, ಇಂಥವರ ಮಗನಾದ, ಕೋಲಾರ ಜಿಲ್ಲೆ ಇಂಥ ಊರಿನ ಸೈನಿಕನ ಲಾಂಗ್ ರೋಲ್ ನಮೂದಿನ ಪ್ರತಿ ಕೊಡಿ, ಶೀಟ್ ರೋಲ್ (ವ್ಯಕ್ತಿಯ ಸೇವಾ ದಾಖಲೆಯ ಹಾಳೆ) ಇದ್ದರೆ ಅದರ ಪ್ರತಿಯನ್ನೂ, ನಾಶವಾಗಿದ್ದರೆ ನಾಶಪಡಿಸಿದ ಆದೇಶದ ಪ್ರತಿಯನ್ನೂ ಕೊಡಿ" ಎಂದು ಕೇಳಿ. ಮೂರನೆಯವರ ಖಾಸಗಿ ಮಾಹಿತಿ ಎಂದು ತಳ್ಳಿಹಾಕಿದರೆ, 20 ವರ್ಷಕ್ಕೂ ಹಿಂದಿನ ಸಂಗತಿಗಳ ಬಗ್ಗೆ ಹೇಳುವ ಸೆಕ್ಷನ್ 8(3) ಅನ್ನು ಮೇಲ್ಮನವಿಯಲ್ಲಿ ಎತ್ತಿ ಹಿಡಿಯಿರಿ. ಜೊತೆಗೆ ನಾಡಕಚೇರಿಯಿಂದ ಪಡೆದ ವಂಶವೃಕ್ಷವನ್ನು ಲಗತ್ತಿಸಿದರೆ ನೀವು ಯಾರು ಎಂಬ ಪ್ರಶ್ನೆಯೂ ಏಳುವುದಿಲ್ಲ.

ಪದಕವೂ ಇಲ್ಲ, ನಂಬರೂ ಇಲ್ಲ ಎನ್ನುವ ಮನೆಗಳಿಗೆ ದಾರಿ ತಾಲ್ಲೂಕು ಕಚೇರಿಯಲ್ಲಿದೆ. ಮಾಜಿ ಸೈನಿಕರಿಗೆ ದರಖಾಸ್ತಿನಲ್ಲಿ ಸರ್ಕಾರಿ ಜಮೀನು ಮಂಜೂರಾಗಿದ್ದರೆ ಆ ಕಡತದಲ್ಲಿ ಬಿಡುಗಡೆ ಪತ್ರದ ನಕಲು ಸೇರಿರುವ ಸಂಭವ ಹೆಚ್ಚು, ನಂಬರು ಅದರಲ್ಲಿರುತ್ತದೆ. ಊರಿನವರು ಈಗಲೂ ಮಿಲ್ಟ್ರಿ ಜಮೀನು ಎಂದು ಕರೆಯುವ ಸರ್ವೆ ನಂಬರು ಯಾವುದೆಂದು ಕೇಳಿ, ಪಹಣಿ ತೆಗೆಸಿ, ಮ್ಯುಟೇಷನ್ ಹಿಡಿದು ಹಿಂದಕ್ಕೆ ಹೋಗಿ ಸಾಗುವಳಿ ಚೀಟಿಯವರೆಗೆ ಮುಟ್ಟಬೇಕು. ಭೂಸುರಕ್ಷಾ ಯೋಜನೆಯಲ್ಲಿ ತಾಲ್ಲೂಕುಗಳ ಹಳೆಯ ಕಡತಗಳು ಸ್ಕ್ಯಾನ್ ಆಗುತ್ತಿರುವುದರಿಂದ ಈ ಕೆಲಸ ಮೊದಲಿಗಿಂತ ಹಗುರ. ಎರಡನೆಯ ಯುದ್ಧದವರಾದರೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯನ್ನೂ ಕೇಳಿ. ಪಿಂಚಣಿ ಇಲ್ಲದ ಆ ಯುದ್ಧದ ಸೈನಿಕರಿಗೂ ಅವರ ವಿಧವೆಯರಿಗೂ ರಾಜ್ಯ ಸರ್ಕಾರದ ಸಹಾಯಧನವಿದೆ. ಅಜ್ಜಿ ಅದಕ್ಕೆ ಅರ್ಜಿ ಹಾಕಿದ್ದರೆ ತಾತನ ನಂಬರು ಆ ಅರ್ಜಿಯಲ್ಲಿದೆ.

ಸಿಕ್ಕಿದ ಹೆಸರು ನಮ್ಮವರದೇ ಎಂದು ಒಪ್ಪಿಕೊಳ್ಳುವ ಮುನ್ನ ಬಿಗಿಯಾಗಿ ಪರೀಕ್ಷಿಸಬೇಕು. ನಂಬರು, ಪಲ್ಟನ್, ತಂದೆಯ ಹೆಸರು, ಊರು, ರಣರಂಗ ಈ ಐದರಲ್ಲಿ ಮೂರಾದರೂ ಕೂಡಿಬರದೆ ನಾವು ಒಪ್ಪುವುದಿಲ್ಲ. ಹೆಸರು ಮತ್ತು ತಾಲ್ಲೂಕು ಎರಡೇ ಹೊಂದಿದರೆ ಸಾಲದು. ಒಂದೇ ಊರಿನಲ್ಲಿ ಒಂದೇ ದೇವರ ಹೆಸರಿಟ್ಟುಕೊಂಡ ನಾಲ್ವರು ಇರುತ್ತಾರೆ. ಬೇರೆ ಮನೆಯ ಹುತಾತ್ಮನನ್ನು ನಮ್ಮ ಗೋಡೆಗೆ ನೇತುಹಾಕಿದರೆ ಆ ಮನೆಯವರು ಹುಡುಕಿಕೊಂಡು ಬಂದಾಗ ಅವರ ತಾತನೇ ಇರುವುದಿಲ್ಲ.

ಯುದ್ಧದಲ್ಲಿ ತೀರಿಕೊಂಡದ್ದು ಖಚಿತವಾಗಿದ್ದೂ ಕಮಿಷನ್ನಿನ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ, ಅಥವಾ ಊರು, ತಂದೆಯ ಹೆಸರು ತಪ್ಪಾಗಿದ್ದರೆ, ಅವರ ತಾಣದಲ್ಲೇ ವಿಚಾರಣೆಯ ಅರ್ಜಿ ಇದೆ. ಸೈನ್ಯದಲ್ಲಿ ಇದ್ದುದಕ್ಕೆ ಒಂದು ದಾಖಲೆ, ಮೇಲೆ ಹೇಳಿದ ದಿನಾಂಕಗಳೊಳಗೆ ಸತ್ತದ್ದಕ್ಕೆ ಒಂದು ದಾಖಲೆ, ಎರಡೂ ಆ ಕಾಲದವೇ ಆಗಿರಬೇಕು. ಮನೆಯವರ ಹೇಳಿಕೆ, ಈಚಿನ ಅಫಿಡವಿಟ್ ನಡೆಯುವುದಿಲ್ಲ. ಬಿಡುಗಡೆಯಾಗಿ ಊರಿಗೆ ಬಂದ ಮೇಲೆ ಸತ್ತವರಾದರೆ ಸೇವೆಯಲ್ಲಿ ತಗುಲಿದ ಗಾಯ ಅಥವಾ ಕಾಯಿಲೆಯೇ ಸಾವಿಗೆ ಕಾರಣ ಎಂದೂ ತೋರಿಸಬೇಕು. ಪದಕದ ಅಂಚಿನ ಫೋಟೊ, ಕಂಚಿನ ಫಲಕದ ಫೋಟೊ, ಲಾಂಗ್ ರೋಲ್ ಸಾಲು, ಕುಟುಂಬ ಪಿಂಚಣಿಯ ಹಳೆಯ ಕಾಗದ ಎಲ್ಲವನ್ನೂ ಒಂದೊಂದಾಗಿ ಸ್ಕ್ಯಾನ್ ಮಾಡಿ, ಕನ್ನಡದ ಕಾಗದವಿದ್ದರೆ ಇಂಗ್ಲಿಷ್ ಅನುವಾದ ಸೇರಿಸಿ ಕಳಿಸಿ. ಉತ್ತರಕ್ಕೆ ತಿಂಗಳುಗಳೇ ಹಿಡಿಯಬಹುದು. ಅರ್ಜಿಯ ಉಲ್ಲೇಖ ಸಂಖ್ಯೆಯನ್ನು ಮನೆಯ ಇನ್ನಿಬ್ಬರಿಗಾದರೂ ಬರೆದುಕೊಟ್ಟಿರಿ.